ಬೇಲಿಯ ಒಂಬತ್ತು ಗೂಟಗಳು

ಜೂನ್ 5, ಭಾನುವಾರ

ಬೇಲಿ ಇವತ್ತಿಗೆ ಮುಗಿಯಿತು. ಸೊಂಟ ಹಿಡಿದುಕೊಂಡಿದೆ, ಆದರೂ ಮನಸ್ಸು ಹಗುರವಾಗಿದೆ. ಏಪ್ರಿಲ್‌ಗೆ ಮುಗಿದ ಮಳೆಗಾಲದ ನೆರೆ ಹಳೆಯ ಬೇಲಿಯ ಒಂದು ಗೂಟವನ್ನೂ ಉಳಿಸಿರಲಿಲ್ಲ. ಮನೆಗೊಂದರಂತೆ ಹೊಸ ಗೂಟಗಳು ಬಂದವು, ಒಂದೊಂದೂ ನನ್ನ ತೊಡೆಯಷ್ಟು ದಪ್ಪ. ಹೆಂಗಸರು ನೀರು ತುಂಬುವ ಜಾಗದಲ್ಲಿ ನದಿಯೊಳಕ್ಕೆ ಅರ್ಧಚಂದ್ರದ ಹಾಗೆ ನೆಟ್ಟು, ನಡುವೆ ಕೈ ತೂರದಂತೆ ಬಳ್ಳಿ ಬಿಗಿದಿದ್ದೇನೆ. ಒಳಗೆ ನಾಲ್ಕು ಹೆಂಗಸರು ಕೊಡ ಹಿಡಿದು ನಿಂತರೆ ಐದನೆಯವಳು ಕಾಯಬೇಕು. ಇಕ್ಕಟ್ಟು ನಿಜ. ಮೊಸಳೆಗೂ ಅಷ್ಟೇ ಇಕ್ಕಟ್ಟು.

ಗೂಟ ಯಾರು ಬೇಕಾದರೂ ಕಡಿದು ತರಬಹುದು, ನೆಡುವುದು ಮಾತ್ರ ಬೇಲಿ ಕಾಯುವವನೇ. ಅಪ್ಪ ಇಪ್ಪತ್ತಾರು ವರ್ಷ ಕಾಯ್ದ, ಅವನ ನಂತರ ನಾನು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀರಿಗಿಳಿದು ಒಂದೊಂದು ಗೂಟವನ್ನೂ ಅಲ್ಲಾಡಿಸಿ ನೋಡಬೇಕು. ನಾನು ‘ಬನ್ನಿ’ ಎಂದ ಮೇಲೆಯೇ ಹೆಂಗಸರು ಇಳಿಯುವುದು. ಬೇರೆಯವರ ಕೈ ನೆಟ್ಟ ಗೂಟವನ್ನು ಈ ಊರಲ್ಲಿ ಯಾರೂ ನಂಬುವುದಿಲ್ಲ. ಊರಲ್ಲಿ ಕೈಪಂಪು ಇಲ್ಲವೆಂದಲ್ಲ, ಅದರ ನೀರು ಉಪ್ಪು. ಆ ನೀರಲ್ಲಿ ಚಹಾ ಕಾಯಿಸಿದರೆ ಮೇಕೆಯೂ ಮೂಸುವುದಿಲ್ಲ.

ಮೀನು ಹಿಡಿಯುವ ವೈಸನ್‌ಗೆ ಈ ಪದ್ಧತಿ ಹಿಡಿಸದು. ಎತ್ತಿನಂಥ ಆಳು, ಸುಮ್ಮನೆ ನಿಂತು ಗೂಟ ಹಿಡಿದುಕೊಳ್ಳುವುದೆಂದರೆ ಅವನಿಗೆ ಅವಮಾನ.

“ಮೇಷ್ಟ್ರೇ, ನಮ್ಮನೆ ಗೂಟ ನಾನೇ ನೆಟ್ರೆ ನದಿ ಏನು ಬೇಡ ಅನ್ನುತ್ತಾ?”

“ನಿನ್ನ ಹಲ್ಲು ನೀನೇ ಕಿತ್ಕೋತೀಯೇನೋ? ನೆಟ್ಟಗೆ ಹಿಡ್ಕೋ.”

ಹೆಂಗಸರು ನಕ್ಕರು. ಅವನು ಸೇಡು ತೀರಿಸಿಕೊಳ್ಳುವವನಂತೆ, ಮೇಲಿನೂರಲ್ಲಿ ಹೋದ ವಾರ ಕರು ಎಳೆದ ಮೊಸಳೆ ಯಾರೋ ಮಾಟ ಮಾಡಿ ಕಳಿಸಿದ್ದಂತೆ ಎಂದು ಶುರು ಮಾಡಿದ. ಅಲ್ಲೇ ಗದರಿದೆ. ಮೊಸಳೆಯನ್ನು ಯಾರೂ ಕಳಿಸುವುದಿಲ್ಲ, ಅದಕ್ಕೆ ಹಸಿವಾದರೆ ಸಾಕು. ಅಪ್ಪನೂ ಹೀಗೇ ಹೇಳುತ್ತಿದ್ದ. ಎರಡು ವರ್ಷದ ಹಿಂದೆ ಪಕ್ಕದೂರಿನಲ್ಲಿ ಇಂಥದೇ ಮಾತು ಹಬ್ಬಿ ಒಬ್ಬ ಮುದುಕನನ್ನು ಹೊಡೆದು ಕೊಂದರು. ಆಗ ನಾನು ಮೂರು ಭಾನುವಾರ ಚರ್ಚಿನಲ್ಲಿ ಅದೇ ವಿಷಯ ಬೋಧಿಸಿದ್ದೆ.

ಕೊನೆಯ ಗೂಟ ಮಲಿಟಾ ಅಜ್ಜಿಯದು. ಗಂಡ ಸಾಯುವ ಮುಂಚೆ ಕಡಿದಿಟ್ಟಿದ್ದ ಕಬ್ಬಿಣದಂಥ ಮರ, ತಲೆಯ ಮೇಲೆ ಮೂರು ಗೀಟು ಕೊರೆದಿದ್ದಾನೆ. ಎಂಬತ್ತರ ಹತ್ತಿರ ಬಂದವಳು ಅದನ್ನು ತಾನೇ ಎಳೆದುಕೊಂಡು ಬಂದಳು, ಮೊಮ್ಮಗಳು ಫೆಬೆ ಹಿಂದಿನಿಂದ ತಳ್ಳುತ್ತಿದ್ದಳು. “ಏನೋ ಜೈಲೋಸಿ, ನಿನ್ನನ್ನ ಹೊರಗೆ ಎಳೆಯೋಕೂ ಇಷ್ಟು ಕಷ್ಟ ಆಗಿರಲಿಲ್ಲ” ಎಂದಳು. ನನ್ನ ತಾಯಿಗೆ ಹೆರಿಗೆ ಮಾಡಿಸಿದವಳು ಅವಳೇ. ಊರೆಲ್ಲ ಇರುವಾಗಲೇ ಇದನ್ನು ಹೇಳದಿದ್ದರೆ ಅವಳಿಗೆ ತಿಂದದ್ದು ಜೀರ್ಣವಾಗದು.

ಜೂನ್ 15, ಬುಧವಾರ

ಅತಿಥಿಗಳು ಬಂದರು. ಸಮುದ್ರದಾಚೆಯ ಕ್ರೈಸ್ತ ಸಭೆಯ ಏಳು ಜನ, ಎರಡು ವಾರ ಇರುತ್ತಾರೆ. ಶಾಲೆಯ ಅಂಗಳದಲ್ಲಿ ನೀಲಿ ಡೇರೆ ಹಾಕಿದ್ದಾರೆ, ಮಕ್ಕಳಿಗೆ ಪಾಠದ ಕಡೆ ಗಮನವೇ ಇಲ್ಲ. ಮುಖಂಡ ಪಾಸ್ಟರ್ ಗ್ರಾಂಟ್, ದೊಡ್ಡ ಆಳು, ನಮ್ಮ ಭಾಷೆಯಲ್ಲಿ ನಮಸ್ಕಾರ ಕಲಿತು ಬಂದಿದ್ದಾರೆ. ಬೆಳಿಗ್ಗೆಯದನ್ನು ಸಂಜೆ ಹೇಳಿದರೂ ಜನಕ್ಕೆ ಖುಷಿ. ಕ್ಯಾಮೆರಾ ಹಿಡಿದ ಹುಡುಗಿ ಕೆಲ್ಸಿ ಕಂಡದ್ದನ್ನೆಲ್ಲ ಹಿಡಿಯುತ್ತಾಳೆ, ಕೋಳಿಯನ್ನೂ ಬಿಡುವುದಿಲ್ಲ.

ಇವರ ಮಾತು ಊರಿಗೆ, ಊರಿನ ಮಾತು ಇವರಿಗೆ ತಲುಪಿಸುವವನು ನಾನೇ. ಇವತ್ತು ಮನೆಯಲ್ಲಿ ನದಿ ನೀರು ಇರಲಿಲ್ಲವೆಂದು ನನ್ನ ಹೆಂಡತಿ ಎಮೆಸಿ ಪಂಪಿನ ನೀರಲ್ಲೇ ಚಹಾ ಮಾಡಿದಳು. ಏಳೂ ಜನ ಮುಖ ಗಟ್ಟಿ ಮಾಡಿಕೊಂಡು ಪೂರಾ ಕುಡಿದರು. ಒಳ್ಳೆಯ ಮನೆತನದವರು.

ಜೂನ್ 18, ಶನಿವಾರ

ಇದನ್ನು ಬರೆಯುವಾಗಲೂ ನಗು ಬರುತ್ತಿದೆ.

ಪಾಸ್ಟರ್ ಗ್ರಾಂಟ್ ನನ್ನನ್ನು ಮಾವಿನ ಮರದಡಿ ಕೂರಿಸಿಕೊಂಡು ಕೇಳಿದರು. “ಸಹೋದರ ಜೈಲೋಸಿ, ಈ ಸಭೆ ನಡೆಸೋರು ನೀವೇ. ಹಾಗಿದ್ದ ಮೇಲೆ ನಿಮ್ಮನ್ಯಾಕೆ ಇನ್ನೂ ಪಾಸ್ಟರ್ ಮಾಡಿಲ್ಲ?”

ಏನು ಹೇಳಲಿ? ಹತ್ತೊಂಬತ್ತು ವರ್ಷದಿಂದ ಬೋಧಿಸುತ್ತಿದ್ದೇನೆ. ಸತ್ತವರನ್ನು ಮಣ್ಣು ಮಾಡುವವನು ನಾನು, ಗಂಡಹೆಂಡಿರ ಜಗಳ ಬಿಡಿಸುವವನು ನಾನು. ಆದರೆ ದೀಕ್ಷಾಸ್ನಾನ ಕೊಡಲು ಪಟ್ಟಣದಿಂದ ಒಬ್ಬ ಎಳೆಯ ಅಬುಸಾ ಮೋಟಾರ್ ಬೈಕಿನಲ್ಲಿ ಬರುತ್ತಾನೆ. ಅವನನ್ನು ಎಲ್ಲರೂ ‘ಅಬುಸಾ, ಅಬುಸಾ’ ಎಂದು ಮೊಣಕಾಲೂರಿ ಮಾತಾಡಿಸುತ್ತಾರೆ, ಪಾದ್ರಿಗೆ ಸಲ್ಲುವ ಮರ್ಯಾದೆ. ನಾನು ಮೂರನೇ ತರಗತಿಯ ಮೇಷ್ಟ್ರು, ಅಷ್ಟೇ. ಇದು ನನ್ನನ್ನು ಎಷ್ಟು ಕೊರೆಯುತ್ತದೆಂದು ಎಮೆಸಿಗೂ ಹೇಳಿಲ್ಲ.

ಪಾಸ್ಟರ್ ಅವರೇ ಬ್ಲಾಂಟೈರ್ ನಗರದ ಬೈಬಲ್ ಶಾಲೆಯಲ್ಲಿ ನನ್ನ ಪಾದ್ರಿ ತರಬೇತಿಗೆ ಮಾತಾಡುತ್ತಾರಂತೆ. ಇಪ್ಪತ್ತಾರನೇ ತಾರೀಖು ಭಾನುವಾರ ಮೂವತ್ತೊಂದು ಜನಕ್ಕೆ ನದಿಯಲ್ಲಿ ದೀಕ್ಷಾಸ್ನಾನ. ನಾನು ಅವರ ಪಕ್ಕದಲ್ಲಿ ನೀರಿನಲ್ಲಿ ನಿಂತು ನನ್ನ ಕೈಯಾರೆ ಕೊಡಬೇಕು. ಕೆಲ್ಸಿ ಅದನ್ನು ಹಿಡಿದರೆ ಅವರ ಸಭೆಯವರೂ ಶಾಲೆಯವರೂ ನೋಡುತ್ತಾರೆ.

ಎಮೆಸಿಗೆ ಹೇಳಿದೆ. “ಒಳ್ಳೇದಾಯ್ತು ತಿಯಾಮಿಕೆ ಅಪ್ಪ” ಎಂದು ನನ್ನ ಹಳೆಯ ಅಂಗಿಯ ಕಾಲರು ಮಡಚಿ ಹೇಗಿರುತ್ತದೆಂದು ನೋಡಿದಳು. ಮಗಳು ತಿಯಾಮಿಕೆಗೆ ಫೋನು ಮಾಡಿ ಇಬ್ಬರೂ ಕೂಗಾಡಿದೆವು.

ಜೂನ್ 21, ಮಂಗಳವಾರ

ಪಾಸ್ಟರ್ ಮತ್ತು ಕೆಲ್ಸಿಯನ್ನು ನದಿಗೆ ಕರೆದುಕೊಂಡು ಹೋಗಿದ್ದೆ. ಬೇಲಿ ನೋಡಿ ಇಬ್ಬರ ಮುಖವೂ ಬಾಡಿತು. ಕೆಲ್ಸಿ ಅತ್ತ ಇತ್ತ ಹೋಗಿ ನೋಡಿದಳು. ಎಲ್ಲಿ ನಿಂತರೂ ಗೂಟ ಅಡ್ಡ. ಒಳಗೆ ನಾವಿಬ್ಬರು ನಿಂತರೆ ಮುಳುಗಿಸಲು ಜಾಗವೇ ಇಲ್ಲ.

“ದನದ ಕೊಟ್ಟಿಗೇಲಿ ದೀಕ್ಷೆ ಕೊಟ್ಟ ಹಾಗೆ ಕಾಣುತ್ತೆ,” ಎಂದರು ಪಾಸ್ಟರ್, ನೋಯಿಸುವಂತೆ ಅಲ್ಲ. “ಆ ಕಡೆಯ ಗೂಟ ಒಂದು ದಿನದ ಮಟ್ಟಿಗೆ ತೆಗೀಬಹುದಾ? ತೊಂದರೆ ಅನ್ನೋದಾದ್ರೆ ಬೇಡ. ಶಾಲೆ ಅಂಗಳದಲ್ಲೇ ತೊಟ್ಟಿ ಇಟ್ಕೊಂಡು ಕೊಡೋಣ.”

ತೊಟ್ಟಿಯಲ್ಲಿ ನಾನೇಕೆ ಬೇಕು? ಅದಕ್ಕೆ ಒಬ್ಬರು ಸಾಕು.

“ಮೊಸಳೆ ಇದೆಯಾ?” ಎಂದು ಕೆಲ್ಸಿ ಕೇಳಿದಳು. ನೇರವಾಗಿ ನನ್ನ ಮುಖ ನೋಡಿ ಕೇಳಿದಳು.

“ಈ ಕಾಲದಲ್ಲಿ ಇಲ್ಲ. ಮಳೆಗಾಲಕ್ಕೆ ಬರ್ತವೆ. ಬೇಲಿ ಆಗ ಬೇಕಾಗೋದು.”

ಮನೆಗೆ ಬಂದ ಅತಿಥಿಗೆ ಆಗದು ಎನ್ನುವ ಅಭ್ಯಾಸ ನಮ್ಮಲ್ಲಿಲ್ಲ. ಊಟ ಇಲ್ಲದಿದ್ದರೂ ಒಲೆ ಮೇಲೆ ಇದೆ ಎನ್ನುತ್ತೇವೆ, ಆಮೇಲೆ ಪಕ್ಕದ ಮನೆಗೆ ಓಡುತ್ತೇವೆ. ಅಷ್ಟಕ್ಕೂ ಒಂದು ದಿನ. ಭಾನುವಾರ ಸಂಜೆಗೆ ಮತ್ತೆ ನೆಟ್ಟರಾಯಿತು.

ಜೂನ್ 22, ಬುಧವಾರ

ಎಮೆಸಿ ಎನ್‌ಸಿಮಾ ಮುದ್ದೆ ತಿರುವುತ್ತಾ ಒಂದೇ ಮಾತು ಕೇಳಿದಳು. “ಮಳೆ ನಿಂತು ಹೀಗೆ ನದಿ ಇಳೀತಾ ಬಂದಾಗ ತಾನೇ ಅವು ದಡಕ್ಕೆ ಹತ್ತಿರ ಬರೋದು?” ನನಗೆ ಗೊತ್ತಿಲ್ಲವೇ. ಹಿಟ್ಟು ತಳ ಹಿಡಿಯುತ್ತಿದೆ, ಅದನ್ನು ನೋಡು ಎಂದೆ.

ಜೂನ್ 24, ಶುಕ್ರವಾರ

ಊರೆಲ್ಲ ‘ಅಗೋಗೋ’ ಎಂದು ಕರೆಯುವ ಮಲಿಟಾ ಅಜ್ಜಿ ಶಾಲೆಯ ಬಾಗಿಲಿಗೇ ಬಂದಳು. ಮಕ್ಕಳ ಮುಂದೆ ಅವಳಿಂದ ಬೈಸಿಕೊಳ್ಳುವುದು ಬೇಡವೆಂದು ಹೊರಗೆ ಹೋದೆ.

“ಆ ಮೋಟುಬಾಲದ ಮೊಸಳೆ ಮರಳದಿಬ್ಬದ ಮೇಲೆ ಮಲಗಿತ್ತು. ನಿನ್ನೆನೂ, ಇವತ್ತೂ. ಗೂಟ ತೆಗೀತೀಯಂತೆ?”

“ಒಂದೇ ದಿನ ಅಗೋಗೋ. ದೇವರ ಕೆಲಸ.”

“ಅದಕ್ಕೆ ಭಾನುವಾರ ಯಾವುದು ಅಂತ ಗೊತ್ತೇನೋ? ನಿಮ್ಮಪ್ಪ ಇದ್ದಿದ್ರೆ ಇಂಥ ಮಾತು ಬಾಯಲ್ಲಿ ಬರ್ತಿತ್ತಾ?”

ಅಪ್ಪನ ಮಾತು ತೆಗೆದರೆ ನನಗೆ ಸಿಟ್ಟು ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಸಂಜೆ ಬೇಲಿಯ ಕಡೆ ಹೋಗಿದ್ದೆ. ಬೇಲಿಯ ಹೊರಗೆ ಕೆಸರಿನಲ್ಲಿ ಹೊಟ್ಟೆ ಎಳೆದ ಗುರುತು ಇತ್ತು, ದೋಣಿ ಎಳೆದಷ್ಟು ಅಗಲ, ಎರಡೂ ಪಕ್ಕ ಉಗುರಿನ ತೂತು. ಕೆಲ್ಸಿ ಬೆಳಿಗ್ಗೆ ಜಾಗ ನೋಡಲು ಬರುವವಳಿದ್ದಳು, ಸುಮ್ಮನೆ ಹೆದರುತ್ತಾಳೆ. ಕಾಲಲ್ಲಿ ಉಜ್ಜಿ ಸಮ ಮಾಡಿದೆ. ತಿರುಗಿದರೆ ಅಜ್ಜಿ ದಡದ ಮೇಲೆ ಕೂತಿದ್ದಳು. ಬೇರೆ ದಾರಿ ಹಿಡಿದು ಮನೆಗೆ ಬಂದೆ. ಇವಳಿಗೆ ಮನೆಯಲ್ಲಿ ಕೆಲಸವಿಲ್ಲವೇ?

ಜೂನ್ 25, ಶನಿವಾರ

ಒಂಬತ್ತು ಗೂಟ ತೆಗೆದೆವು. ಒಂಬತ್ತು ಗಂಡಸರು ನಿಂತಿದ್ದರು, ಒಬ್ಬೊಬ್ಬರಿಗೆ ಒಂದೊಂದು. ಹಗ್ಗ ಕಟ್ಟಿ ಎಳೆದವರು ಅವರು, ಬುಡ ಸಡಿಲಿಸಿಕೊಟ್ಟವನು ನಾನು. ವೈಸನ್ ಹಾಡು ಹೇಳಿಕೊಂಡು ಎಳೆದ. ಅವನ ಅಕ್ಕ ಡೊರಿಕಾಳ ಮಗಳೇ ಫೆಬೆ, ಅವಳಿಗೂ ನಾಳೆ ದೀಕ್ಷೆ.

ಒಂಬತ್ತನೆಯದು ಮೂರು ಗೀಟಿನ ಗೂಟ. ಅಜ್ಜಿ ಅದನ್ನು ತಬ್ಬಿಕೊಂಡು ಸೊಂಟದ ನೀರಿನಲ್ಲಿ ನಿಂತಳು. ಕೆಲ್ಸಿ ಕ್ಯಾಮೆರಾ ಇಳಿಸಿ, ಅವರು ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ಗಂಡನ ನೆನಪಿಗೆ ಅಳುತ್ತಿದ್ದಾಳೆ ಎಂದೆ. ಅದೂ ಪೂರ್ತಿ ಸುಳ್ಳಲ್ಲ.

ಡೊರಿಕಾ ಬಂದು ಅತ್ತೆಯ ಬೆರಳು ಒಂದೊಂದಾಗಿ ಬಿಡಿಸಿದಳು. ಅಜ್ಜಿ ದಡ ಹತ್ತಿ ಊರಿಗೆಲ್ಲ ಕೇಳುವಂತೆ ಹೇಳಿದಳು. “ಇದನ್ನ ಕಿತ್ರೆ ಒಂದು ವಾರದೊಳಗೆ ಯಾರಾದ್ರೂ ಹೋಗ್ತಾರೆ. ಬರೆದಿಟ್ಕೋ ಮೇಷ್ಟ್ರೇ, ನೀನು ಬರೆಯೋನಲ್ವಾ.”

ಬರೆದಿಟ್ಟುಕೊಂಡಿದ್ದೇನೆ. ಇಂಥ ಮಾತನ್ನು ಹಬ್ಬದ ಹಿಂದಿನ ದಿನ ಆಡಬಾರದು. ನನ್ನ ಖುಷಿಗೆ ಕಲ್ಲು ಹಾಕಲೆಂದೇ ಆಡಿದಳು ಅನಿಸಿತು.

ಜೂನ್ 26, ಭಾನುವಾರ

ಸಾಯುವವರೆಗೂ ಈ ದಿನ ಮರೆಯುವುದಿಲ್ಲ. ಇಂಥ ಬಿಸಿಲು, ಇಂಥ ಹಾಡು. ಹೆಂಗಸರು ಬಿಳಿ ಬಟ್ಟೆಯಲ್ಲಿ ದಡದ ತುಂಬ ನಿಂತಿದ್ದರು. ಬೇಲಿ ಇಲ್ಲದೆ ನದಿ ಎಷ್ಟು ಅಗಲ ಎಂಬುದೇ ನನಗೆ ಮರೆತುಹೋಗಿತ್ತು. ನೀರಿಗಿಳಿದಾಗ ಕಾಲು ತಣ್ಣಗಾಗಿ ಬೆನ್ನವರೆಗೂ ಹತ್ತಿತು. ಪಾಸ್ಟರ್ ಹದಿನಾರು ಜನಕ್ಕೆ ಕೊಟ್ಟರು, ನಾನು ಹದಿನೈದು. ನನ್ನ ಬೆನ್ನು ನದಿಯ ಕಡೆಗಿತ್ತು. ಒಂದೆರಡು ಸಲ ತಿರುಗಿ ನೋಡಿದೆ, ಏನೂ ಇರಲಿಲ್ಲ. ಮರಳದಿಬ್ಬದ ಮೇಲಿನ ಕೊಕ್ಕರೆಗಳು ಒಮ್ಮೆಲೇ ಎದ್ದುಹೋದವು. ಹಾಡಿನ ಸದ್ದಿಗೆ ಇರಬೇಕು.

ಫೆಬೆ ನನ್ನ ಪಾಲಿಗೆ ಬಂದಳು. ಹನ್ನೊಂದು ವರ್ಷ, ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಇದ್ದವಳು, ಬಾಯಿ ಮುಚ್ಚಿದ್ದೇ ಇಲ್ಲ.

“ಮೇಷ್ಟ್ರೇ, ಒಳಗೆ ಕಣ್ಣು ಬಿಟ್ಟಿರಬಹುದಾ?”

“ಬಿಟ್ಟಿರು. ಏನು ಕಾಣುತ್ತೆ ಹೇಳು.”

ಮುಳುಗಿಸಿ ಎತ್ತಿದೆ. ಬಟ್ಟಲಿನಷ್ಟೂ ತೂಕವಿಲ್ಲ. “ಬರೀ ಕೆಸರು ಮೇಷ್ಟ್ರೇ,” ಎಂದು ಕಿಸಕ್ಕನೆ ನಕ್ಕಳು. ಪಾಸ್ಟರ್ ಕೂಡ ನಕ್ಕರು. ದಡಕ್ಕೆ ಹೋದ ಮೇಲೆ ಅಜ್ಜಿ ಅವಳ ತಲೆ ಒರೆಸುತ್ತಾ ನದಿಯನ್ನೇ ನೋಡುತ್ತಿದ್ದಳು. ಹಾಡಲಿಲ್ಲ, ಚಪ್ಪಾಳೆ ಇಲ್ಲ.

ಮುಗಿದ ಮೇಲೆ ಊರ ಯಜಮಾನರು ಎಲ್ಲರ ಎದುರು ನನ್ನ ಕೈ ಹಿಡಿದು “ಅಬುಸಾ” ಎಂದರು. ಮೊದಲ ಸಲ. ಕಣ್ಣು ತುಂಬಿ ಬಂತು, ಮುಖದ ಮೇಲೆ ಹೇಗೂ ನೀರಿತ್ತು.

ಸಂಜೆ ಗೂಟ ನೆಡಬೇಕೆಂದಿದ್ದೆ. ಅಷ್ಟರಲ್ಲಿ ಬೀಳ್ಕೊಡುಗೆಯ ಊಟಕ್ಕೆ ಕರೆ ಬಂತು. ವೈಸನ್ ಬಂದು, “ನಾವು ಒಂಬತ್ತು ಜನ ಇದೀವಿ, ಕತ್ತಲಾಗೋದ್ರೊಳಗೆ ನೆಟ್ಟುಬಿಡ್ಲಾ?” ಎಂದ. ಬೇಡ ಎಂದೆ. ಬೇಲಿಗೆ ನನ್ನ ಕೈ ಬಿಟ್ಟು ಬೇರೆ ಕೈ ಬೀಳಬಾರದು. ಇವತ್ತು ಅವನಿಗೆ ಬಿಟ್ಟುಕೊಟ್ಟರೆ ನಾಳೆ ಅದು ಅವನದೇ ಆಗುತ್ತದೆ. ನಾಳೆ ನಾನು ಪಾಸ್ಟರ್ ಜೊತೆ ಬ್ಲಾಂಟೈರಿಗೆ ಹೋಗಿ ಬಂದ ಮೇಲೆ ನೆಡುತ್ತೇನೆ, ಮುಟ್ಟಬೇಡಿ ಎಂದು ಖಂಡಿತವಾಗಿ ಹೇಳಿದೆ.

ಜೂನ್ 27, ಸೋಮವಾರ. ಬ್ಲಾಂಟೈರ್, ಮಗಳ ಮನೆ

ಅತಿಥಿಗಳ ಗಾಡಿಯಲ್ಲೇ ಬಂದೆ. ಪಾಸ್ಟರ್ ನನ್ನನ್ನು ಬೈಬಲ್ ಶಾಲೆಗೆ ಕರೆದುಕೊಂಡು ಹೋಗಿ ಪರಿಚಯಿಸಿದರು. ಸೆಪ್ಟೆಂಬರಿಗೆ ಜಾಗ ಸಿಗಬಹುದಂತೆ. ವಿಮಾನ ನಿಲ್ದಾಣಕ್ಕೆ ಹೋಗುವ ಮುಂಚೆ ಒಂದು ಪೊಟ್ಟಣ ಕೊಟ್ಟರು. ಕಪ್ಪು ಅಂಗಿ, ಕತ್ತಿಗೆ ಬಿಳಿ ಪಟ್ಟಿ. ತೋಳು ಸ್ವಲ್ಪ ಉದ್ದ. ತಿಯಾಮಿಕೆ ಕೂತು ಹೊಲಿದುಕೊಡುತ್ತಿದ್ದಾಳೆ. ನಾಳೆ ಮೊದಲ ಬಸ್ಸಿಗೆ ಹೊರಟರೆ ಮಧ್ಯಾಹ್ನಕ್ಕೆ ಊರು.

ಜೂನ್ 28, ಮಂಗಳವಾರ

ಫೆಬೆ ಹೋದಳು. ಬೆಳಿಗ್ಗೆ ನೀರಿಗೆ ಹೋದವಳು. ಕೊಡ ಸಿಕ್ಕಿದೆ.

ನಾನು ಬಸ್ಸಿನಲ್ಲಿದ್ದೆ.

ಜೂನ್ 30, ಗುರುವಾರ

ಇವತ್ತು ಜೊಂಡಿನಲ್ಲಿ ಸಿಕ್ಕಿದ್ದನ್ನು ಮಣ್ಣು ಮಾಡಿದೆವು. ಪೆಟ್ಟಿಗೆ ಹಗುರವಾಗಿತ್ತು. ಹೊಸ ಅಂಗಿ ಹಾಕಿಕೊಂಡಿದ್ದೆ. ಪ್ರಾರ್ಥನೆಯನ್ನು ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಆ ಮಗು ನಕ್ಕದ್ದು ನನ್ನ ಕೈಗೆ ಇನ್ನೂ ನೆನಪಿದೆ.

ಡೊರಿಕಾ ಹೇಳಿದ್ದು ಹೀಗೆ. ಸೋಮವಾರ ಯಾರೂ ನದಿಗೆ ಇಳಿಯಲಿಲ್ಲ, ನನ್ನ ‘ಬನ್ನಿ’ ಬರಲಿಲ್ಲವಲ್ಲ. ಮಂಗಳವಾರ ಮನೆಯಲ್ಲಿ ಕುಡಿಯಲು ಹನಿ ಸಿಹಿನೀರಿರಲಿಲ್ಲ. ದೀಕ್ಷೆಯಾಗಿದೆ, ನನಗೇನೂ ಆಗಲ್ಲ ಎಂದು ಫೆಬೆಯೇ ಕೊಡ ತೆಗೆದುಕೊಂಡು ಹೋದಳಂತೆ. ಹಾಗೆಂದು ನಾನು ಯಾವತ್ತೂ ಬೋಧಿಸಿಲ್ಲ.

ಮಣ್ಣಿನ ಜಾಗದಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಒಬ್ಬರ ಮುಖ ಇನ್ನೊಬ್ಬರೂ ನೋಡಲಿಲ್ಲ. ಗೂಟ ಎಳೆದ ಒಂಬತ್ತೂ ಜನ ಬೇರೆಬೇರೆಯಾಗಿ ನಿಂತಿದ್ದರು. ಎಮೆಸಿ ಅಜ್ಜಿಯನ್ನು ಹಿಡಿದುಕೊಂಡಿದ್ದಳು. ಅಜ್ಜಿ ಅಳಲಿಲ್ಲ. ಅಳದಿದ್ದದ್ದನ್ನು ಎಲ್ಲರೂ ಗಮನಿಸಿದರು, ನಾನು ಮಾತ್ರವಲ್ಲ.

ಕೊನೆಗೆ ಹೋಗುವಾಗ ವೈಸನ್ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ. “ಅಬುಸಾ, ಒಂದು ವಾರದೊಳಗೆ ಅಂದಿದ್ಲು. ಅವಳಿಗೆ ಹೇಗೆ ಗೊತ್ತಿತ್ತು?”

ಸುಮ್ಮನಿರು ಎಂದೆ. ಗದರಲಿಲ್ಲ, ಮಣ್ಣಿನ ದಿನ ಗದರುವುದು ಸರಿಯಲ್ಲ.

ಜುಲೈ 1, ಶುಕ್ರವಾರ

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಭಾನುವಾರ ನೀರಿನಲ್ಲಿ ಮೂವತ್ತಮೂರು ಜನ ಇಳಿದಿದ್ದೆವು, ಗಂಟೆಗಟ್ಟಲೆ. ಯಾರನ್ನೂ ಮುಟ್ಟಲಿಲ್ಲ. ಎರಡು ದಿನ ಕಾದು ಆ ಒಂದೇ ಮಗುವನ್ನು ಏಕೆ? ಬರೀ ಹಸಿದ ಪ್ರಾಣಿ ಹಾಗೆ ಆರಿಸಿಕೊಳ್ಳುತ್ತದೆಯೇ? ಅಪ್ಪ ಒಳ್ಳೆಯವನು, ಆದರೆ ಅವನು ನಾಲ್ಕನೇ ತರಗತಿ ಓದಿದವನು. ಎಲ್ಲವೂ ಅವನಿಗೆ ಗೊತ್ತಿತ್ತು ಎನ್ನಲಾಗದು.

ಎಮೆಸಿ ನನ್ನ ತಟ್ಟೆ ಇಟ್ಟು ಹೊರಗೆ ಹೋಗಿ ಕೂತಳು. ನದಿಯ ಮೀನು ಅವಳಿಗೆ ಸೇರುತ್ತಿಲ್ಲವಂತೆ.

ಜುಲೈ 2, ಶನಿವಾರ

ಯಜಮಾನರು ಊರ ಸಭೆ ಕರೆದರು. ಹುಣಸೆ ಮರದಡಿ ಕಾಲಿಡಲು ಜಾಗವಿರಲಿಲ್ಲ. ನನಗೆ ಕುರ್ಚಿ ಹಾಕಿದ್ದರು, ಅವರ ಪಕ್ಕದಲ್ಲೇ. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

ವೈಸನ್ ಎದ್ದು ನಿಂತ. ಇವಳೇ ಹೇಳಿದಳು, ಎಲ್ಲರೂ ಕೇಳಿದ್ದಾರೆ, ಹೇಳಿದ ಮೂರನೇ ದಿನ ಆಯಿತು, ಅದೂ ಇವಳದೇ ಮನೆಯ ಮಗು, ಎಂದ. ಮೊಸಳೆ ಕಳಿಸುವವರು ಮೊದಲು ತಮ್ಮ ಮನೆಯ ಜೀವವನ್ನೇ ಕೊಡಬೇಕಂತೆ. ಜನ ಗುಜುಗುಜು ಎಂದರು. ಆ ಗುಜುಗುಜಿನಲ್ಲಿ ಒಂದು ನಿರಾಳ ಇತ್ತು, ಕಾಲಿಗೆ ಚುಚ್ಚಿದ ಮುಳ್ಳು ಹೊರಬಂದಾಗಿನ ಹಾಗೆ. ಡೊರಿಕಾ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಯಜಮಾನರು ನನ್ನ ಕಡೆ ತಿರುಗಿದರು. “ಅಬುಸಾ, ನೀವು ದೇವರ ಮನುಷ್ಯ, ಸುಳ್ಳು ಹೇಳಲ್ಲ. ಅವಳು ಹಾಗೆ ಅಂದಿದ್ದು ನಿಜವಾ?”

“ಅಂದಿದ್ದು ನಿಜ,” ಎಂದೆ.

ನಿಜವನ್ನೇ ಹೇಳಿದೆ. ಈ ಪುಸ್ತಕದಲ್ಲೇ ಬರೆದಿದೆ.

ಆಗ ಅಜ್ಜಿ ತಲೆ ಎತ್ತಿ ನನ್ನನ್ನು ನೋಡಿದಳು. “ಜೈಲೋಸಿ, ಮೋಟುಬಾಲದ್ದು ಬಂದು ಹೋದ ಗುರುತು ನೀನೂ ನೋಡಿದೆ, ನಾನೂ ನೋಡಿದೆ. ನೀನು ಕಾಲಲ್ಲಿ ಅಳಿಸಿದೆ. ಹೇಳು ಇವರಿಗೆ. ಗೂಟ ಕಿತ್ತೋರು ಯಾರು, ವಾಪಸ್ ನೆಡಬೇಡಿ ಅಂದೋರು ಯಾರು, ಅದನ್ನೂ ಹೇಳು.”

ನಾನು ಬಾಯಿ ತೆರೆದರೆ ತಪ್ಪು ಒಂಬತ್ತು ಮನೆಯ ಮೇಲೆ ಬರುತ್ತದೆ. ನಮ್ಮ ಚರ್ಚಿನ ಸಭೆ ಒಡೆದು ಚೂರಾಗುತ್ತದೆ, ಸೆಪ್ಟೆಂಬರಿನ ಮಾತು ಹಾಗಿರಲಿ. ಒಬ್ಬ ಪಾಸ್ಟರ್ ಇಡೀ ಹಿಂಡನ್ನು ನೋಡಬೇಕು.

“ನದಿ ದಡದಲ್ಲಿ ದಿನಾ ನೂರು ಗುರುತು ಇರ್ತವೆ ಅಗೋಗೋ, ಯಾವುದು ಅಂತ ನನಗೆ ಜ್ಞಾಪಕವಿಲ್ಲ. ಗೂಟ ಎಲ್ಲರೂ ಸೇರಿ ತೆಗೆದಿದ್ದು, ದೇವರ ಕೆಲಸಕ್ಕೆ.”

ಅವಳು ಅಷ್ಟೇ ಸಾಕು ಎನ್ನುವವಳ ಹಾಗೆ ತಲೆಯಾಡಿಸಿದಳು. “ನಿನ್ನನ್ನ ಎಳೆದ ದಿನ ಕಾಲು ಮೊದಲು ಬಂದಿತ್ತು. ಬಿಟ್ಟುಬಿಡು, ತಾಯಿ ಉಳಿದ್ರೆ ಸಾಕು ಅಂದಿದ್ರು ಎಲ್ಲರೂ. ನಾನು ಬಿಡಲಿಲ್ಲ,” ಎಂದಳು. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಹುಡುಗರು ಎದ್ದರು. ಅಜ್ಜಿಯ ಮನೆಯ ಹುಲ್ಲಿನ ಸೂರು ಎಳೆದು ಬೆಂಕಿ ಹಚ್ಚಿದರು. ಹೊಡೆಯಬೇಡಿ ಎಂದು ನಾನು ಕೂಗಿದೆ. ಕೂಗಿದ್ದು ಕೆಲವರಿಗಾದರೂ ಕೇಳಿಸಿರಬೇಕು. ಎಮೆಸಿ ಜನರೊಳಗೆ ನುಗ್ಗಿ ಅಜ್ಜಿಯ ಮೇಲೆ ಬಿದ್ದಳು, ಅವಳ ಭುಜಕ್ಕೂ ಏಟು ಬಿದ್ದಿದೆ. ಅವಳೂ ಡೊರಿಕಾಳೂ ಸೇರಿ ಅಜ್ಜಿಯನ್ನು ಚಾಪೆಯ ಮೇಲೆ ಮಲಗಿಸಿ ಮೇಲಿನೂರಿನಲ್ಲಿರುವ ಅಜ್ಜಿಯ ಅಕ್ಕನ ಮಗಳ ಮನೆಗೆ ಹೊತ್ತುಕೊಂಡು ಹೋದರು. ನಾನು ಯಜಮಾನರ ಜೊತೆ ಇರಬೇಕಾಯಿತು.

ಜುಲೈ 3, ಭಾನುವಾರ

ಸಭೆ ತುಂಬಿತ್ತು. ಕ್ಷಮೆಯ ಬಗ್ಗೆ ಬೋಧಿಸಿದೆ. ಚೆನ್ನಾಗಿ ಬಂತು ಎಂದರು.

ಜುಲೈ 5, ಮಂಗಳವಾರ

ಒಂಬತ್ತು ಗೂಟವನ್ನೂ ನೆಟ್ಟೆ. ಗಟ್ಟಿಯಾಗಿವೆ. ಮೂರು ಗೀಟಿನದನ್ನು ಹಿಡಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ, ಒಬ್ಬನೇ ಎದೆಗೆ ಒತ್ತಿಕೊಂಡು ನಿಲ್ಲಿಸಿದೆ. ಮನೆಗೆ ಬಂದ ಮೇಲೂ ಎದೆಯ ಮೇಲೆ ಆ ಗೀಟುಗಳು ಮೂಡಿದ್ದವು. ಮಧ್ಯಾಹ್ನ ಮೇಲಿನೂರಿನಿಂದ ಸುದ್ದಿ ಬಂತು. ಮಲಿಟಾ ಅಜ್ಜಿ ಬೆಳಿಗ್ಗೆ ತೀರಿಕೊಂಡಳಂತೆ.

ಎಂಬತ್ತರ ಹತ್ತಿರ. ವಯಸ್ಸಾಗಿತ್ತು.

ಜುಲೈ 14, ಗುರುವಾರ

ಕೆಲ್ಸಿ ಫೋನಿಗೆ ಚಿತ್ರ ಕಳಿಸಿದ್ದಾಳೆ. ನಾನು ನೀರಿನಲ್ಲಿ ಎರಡೂ ಕೈ ಎತ್ತಿ ನಿಂತಿದ್ದೇನೆ, ಹಿಂದೆ ನದಿ ಥಳಥಳ ಎನ್ನುತ್ತಿದೆ. ಅವರ ಸಭೆಯಲ್ಲಿ ನೋಡಿದವರೆಲ್ಲ ಅತ್ತರಂತೆ. ಬೈಬಲ್ ಶಾಲೆಯಿಂದಲೂ ಜಾಗ ಖಚಿತವೆಂದು ಬಂತು.

ಕೊನೆಯಲ್ಲಿ ಒಂದು ಪ್ರಶ್ನೆ ಬರೆದಿದ್ದಳು. ದಡದಲ್ಲಿ ಮಗುವಿನ ತಲೆ ಒರೆಸುತ್ತಿದ್ದ ಆ ಅಜ್ಜಿಯ ಹೆಸರೇನು, ಅವರ ಮುಖ ಮರೆಯಲಾಗುತ್ತಿಲ್ಲ, ಇಬ್ಬರಿಗಾಗಿಯೂ ಪ್ರಾರ್ಥಿಸಬೇಕು, ಎಂದು. ಮೂರು ಸಲ ಬರೆದು ಅಳಿಸಿದೆ. ಆಮೇಲೆ, ಇಬ್ಬರೂ ಪ್ರಭುವಿನ ಬಳಿ ಶಾಂತವಾಗಿ ಹೋದರು ಎಂದು ಕಳಿಸಿದೆ.

ಜುಲೈ 17, ಭಾನುವಾರ

ಬೆಳಿಗ್ಗೆ ಎಂದಿನಂತೆ ನೀರಿಗಿಳಿದು ಗೂಟಗಳನ್ನು ಅಲ್ಲಾಡಿಸಿ ನೋಡಿದೆ. ಒಂದೂ ಮಿಸುಕಲಿಲ್ಲ. ‘ಬನ್ನಿ’ ಎಂದು ತಿರುಗಿದರೆ ದಡದಲ್ಲಿ ಯಾರೂ ಇಲ್ಲ. ನಿನ್ನೆಯೂ ಇರಲಿಲ್ಲ, ಮೊನ್ನೆಯೂ. ಇನ್ನೊಮ್ಮೆ ಜೋರಾಗಿ ಕರೆದೆ. ಮರಳದಿಬ್ಬದ ಮೇಲೆ ಮೋಟುಬಾಲದ್ದು ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿತ್ತು.

ವಾಪಸು ಬರುವಾಗ ನೋಡಿದೆ. ಊರ ಹೆಂಗಸರೆಲ್ಲ ಕೈಪಂಪಿನ ಹತ್ತಿರ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಡೊರಿಕಾ ಪಂಪು ಒತ್ತುತ್ತಿದ್ದಳು, ಎಮೆಸಿ ಕೊಡ ಹಿಡಿದಿದ್ದಳು.

ಮನೆಗೆ ಬಂದ ಮೇಲೆ ಕೇಳಿದೆ. “ಆ ಉಪ್ಪು ನೀರು ಯಾಕೆ ತರ್ತೀಯಾ? ಬೇಲಿ ಈಗ ಗಟ್ಟಿಯಾಗಿದೆ. ನಾನೇ ನೆಟ್ಟಿದೀನಿ.”

“ಗೊತ್ತು, ಅಬುಸಾ,” ಎಂದಳು ಎಮೆಸಿ.

ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ಚಹಾ ಮುಂದಿಟ್ಟು ಹೋದಳು. ಬಾಯಿಗಿಡಲಾಗಲಿಲ್ಲ. ನಾಳೆ ಇನ್ನೊಮ್ಮೆ ಅವಳಿಗೆ ತಿಳಿಸಿ ಹೇಳಬೇಕು.